ಸವಾಲಿಗೆ ಬಿದ್ದ ಚೆಂಡು

ನಾಗವೇಣಕ್ಕ ಸಿಟ್ಟಿಗೆ ಬಾಯಿ ತೆರೆದರೆ ಅವಳ ಗಂಡ ಬಾಲಪ್ಪನೇ ಹಿಂದೆ ಸರಿಯುತ್ತಿದ್ದ. ಇನ್ನು ಮುರಾರಿಯಂಥವನಿಂದ ಅದನ್ನು ಮುಚ್ಚಿಸಲು ಆಗುತ್ತದೆಯೇ? ಆದರೆ ಆ ಭಾನುವಾರ ಅವಳ ಬಾಯಿಂದ ಬಿದ್ದದ್ದು ಬೈಗುಳವಲ್ಲ, ಐದು ಸಾವಿರದ ಒಂದು ರೂಪಾಯಿ. ಅದೂ ಗಣಪತಿಯ ಮುಂದೆ.

ತೊಂಬತ್ತೇಳರ ಮಾತು. ಮರಾಠಿ ಸೀಮೆಯ ಕೋಪರಖೈರಣೆಯಲ್ಲಿ ನಮ್ಮದೊಂದು ಫುಟ್‌ಬಾಲ್ ಕ್ಲಬ್ಬಿತ್ತು. ಕಟ್ಟಿದವರು ಉಡುಪಿ ಕಡೆಯ ಹೋಟೆಲಿನವರು. ಆಡುವವರಲ್ಲಿ ಅರ್ಧ ಅವರು, ಅರ್ಧ ನಾವು. ನೋಡುವವರು ಮಾತ್ರ ಪೂರ್ತಿ ನಾವೇ. ನಾವೆಂದರೆ ವಾಶಿಯ ಕಾಂದಾ-ಬಟಾಟೆ, ಅಂದರೆ ಈರುಳ್ಳಿ-ಆಲೂಗಡ್ಡೆ ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಬಿಜಾಪುರ, ಗುಲಬರ್ಗಾದ ಜನ. ಗೋಲಿನ ಹಿಂದೆ ಒಂದು ಮಣ್ಣಿನ ದಿಬ್ಬವಿತ್ತು. ಅದರ ಮೇಲೆ ನಿಂತು ಗಂಟಲು ಹರಿಯುವ ಹಾಗೆ ಕೂಗುವುದೇ ನಮ್ಮ ಭಾನುವಾರ. ಹಾಗಾಗಿ ನಮಗೆ ದಿಬ್ಬದವರು ಎಂದೇ ಹೆಸರು ಬಿದ್ದಿತ್ತು. ನಾಗವೇಣಕ್ಕ ಅಲ್ಲೇ ಬುಟ್ಟಿಯಿಟ್ಟು ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಿದ್ದಳು.

ಅವಳ ತಮ್ಮ ರೇವಣಸಿದ್ದ ನಮ್ಮ ಗೋಲ್‌ಕೀಪರ್. ವಾರವೆಲ್ಲ ಮಾರ್ಕೆಟ್ಟಿನಲ್ಲಿ ಅವನು ಬರೀ ‘ಏ ಹಮಾಲ್’. ಭಾನುವಾರ ಮಾತ್ರ ಇಡೀ ದಿಬ್ಬ ‘ರೇವಣ್ಯಾ, ರೇವಣ್ಯಾ’ ಎಂದು ಹೆಸರು ಹಿಡಿದು ಕೂಗುತ್ತಿತ್ತು. ಅದು ಕಿವಿಗೆ ಬಿದ್ದಾಗ ಅಕ್ಕನ ಕೈ ತಪ್ಪಿ ಗಿರಾಕಿಗೆ ಒಂದು ರೊಟ್ಟಿ ಹೆಚ್ಚಿಗೆ ಬೀಳುತ್ತಿತ್ತು. ಮೈದಾನ ಹೋದರೆ ತಮ್ಮನ ಹೆಸರೂ ಹೋಗುತ್ತದೆ ಎಂದು ಅವಳಿಗೆ ಭಯವಿತ್ತು. ನಮಗೆಲ್ಲರಿಗೂ ಇತ್ತು, ಆದರೆ ಅವಳು ಹೇಳುತ್ತಿದ್ದಳು, ನಾವು ಹೇಳುತ್ತಿರಲಿಲ್ಲ.

ಆ ವರ್ಷ ಕ್ಲಬ್ಬನ್ನು ಸಾಕುತ್ತಿದ್ದ ಹೋಟೆಲಿನ ಧಣಿ ಹೋಟೆಲು ಮಾರಿ ಊರಿಗೆ ಹೋದರು. ಹೋಗುವಾಗ ಒಂದು ಹೊಸ ಚೆಂಡು ಕೊಡಿಸಿ ಕೈತೊಳೆದುಕೊಂಡರು. ಮೈದಾನದ ಬಾಡಿಗೆ ನಿಂತಿತು. ಮೈದಾನ ಬಾಡಿಗೆಗೆ ಕೊಟ್ಟಿದ್ದ ಬೇಲಾಪುರದ ಕಚೇರಿಯವರು ಸೆಕ್ರೆಟರಿ ಮಧ್ವರಾಜನನ್ನು ಕರೆಸಿ, ಸೋಮವಾರ ಸಂಜೆ ನಾಲ್ಕರೊಳಗೆ ಐದು ಸಾವಿರ ಕಟ್ಟಿ, ಇಲ್ಲವಾದರೆ ಮೈದಾನ ಬೇರೆಯವರಿಗೆ ಎಂದರು. ಮಧ್ವರಾಜ ಇನ್ನೊಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು. ಅಡುಗೆಮನೆಯಲ್ಲಿ ಬೆಂಕಿ ಬಿದ್ದರೂ ಗಿರಾಕಿಯ ಮುಂದೆ ನಗುತ್ತಿರಬೇಕು ಎಂಬುದು ಅವನ ಕಸುಬಿನ ಬುದ್ಧಿ. ಆ ಸೋಮವಾರದ ಮಾತನ್ನು ಅವನು ನಮಗೆ ಹೇಳಲೇ ಇಲ್ಲ.

ಹೇಳಿದ್ದು ಇಷ್ಟೇ. ಕ್ಲಬ್ಬಿನ ಒಂದೂವರೆ ದಿನದ ಗಣಪತಿಯನ್ನು ಭಾನುವಾರ ಮಧ್ಯಾಹ್ನ ವಿಸರ್ಜನೆಗೆ ಎಬ್ಬಿಸುವ ಮೊದಲು, ತೆಂಗಿನಕಾಯಿ, ಹಾರ, ಕುಂಬಳಕಾಯಿಗಳ ಏಲಂ ಮುಗಿದ ಮೇಲೆ, ದೇವರ ಪಾದದ ಹತ್ತಿರ ಇಟ್ಟಿದ್ದ ಆ ಹೊಸ ಚೆಂಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

“ನೋಡಿ ಮಾರಾಯ್ರೆ, ಕ್ಲಬ್ಬು ಕಷ್ಟದಲ್ಲಿ ಉಂಟು. ಇನ್ನು ಉಳಿಸುದಾದ್ರೆ ನೀವೇ ಉಳಿಸ್ಬೇಕು. ಇದು ದೇವರ ಚೆಂಡು. ಒಳ್ಳೇ ಮನಸ್ಸು ಮಾಡಿ ಕೂಗಿ.”

ಅವರು ಏಲಂ ಎನ್ನುವುದನ್ನೇ ನಾವು ಸವಾಲು ಎನ್ನುತ್ತೇವೆ. ಊರಲ್ಲಿ ಸವಾಲು ನೋಡದೆ ಬೆಳೆದವರು ನಮ್ಮಲ್ಲಿ ಯಾರೂ ಇಲ್ಲ. ಮೊದಲು ಐನೂರು, ಆರುನೂರು ಎಂದು ತೆವಳುತ್ತಿತ್ತು. ಆಮೇಲೆ ಮುರಾರಿ ಎದ್ದ. ಅವನೂ ಉಡುಪಿ ಕಡೆಯವನು, ಉಲ್ಹಾಸನಗರದಲ್ಲಿ ಬನಿಯನ್ ಅಂಗಡಿ, ಕ್ಲಬ್ಬಿನ ಜರ್ಸಿಗಳೆಲ್ಲ ಅವನ ಅಂಗಡಿಯವೇ. ಅವನು ನೇರ ಎರಡು ಸಾವಿರಕ್ಕೆ ಹೋದ. ನಾಗವೇಣಕ್ಕ ಎರಡೂವರೆ ಎಂದಳು. ಅವನು ಮೂರು. ಅವಳು ಮೂರೂವರೆ. ದಿಬ್ಬದವರು ಎದ್ದು ನಿಂತೆವು. ಅವನು ನಾಲ್ಕು ಎಂದು, ನಕ್ಕು, ಸುಮ್ಮನಿರಲಾರದೆ ಒಂದು ಮಾತು ಸೇರಿಸಿದ.

“ಅಕ್ಕ, ನಿಮ್ಗೆ ಚೆಂಡು ಎಂತಕ್ಕೆ? ರೊಟ್ಟಿಗೆ ಲಟ್ಟಣಿಗೆ ಸಾಕಲ್ಲವಾ?”

“ನಮ್ಮ ರೊಟ್ಟಿ ಕೈಲೆ ಬಡಿಯೂದ್ರೀ. ಲಟ್ಟಣಿಗಿ ನಿಮ್ಮ ಮನ್ಯಾಗ ಇಟ್ಕೋರಿ, ಬ್ಯಾರೇದಕ್ಕ ಬೇಕಾದೀತು. ಐದು ಸಾವಿರದ ಒಂದು!”

“ಬಿಡಬ್ಯಾಡ್ರಿ ಅಕ್ಕಾ!” ಎಂದು ನಾವೆಲ್ಲ ಅರಚಿದೆವು. ನಾನೂ ಅರಚಿದೆ. ಮಧ್ವರಾಜ “ಒಂದು ಸಾರಿ, ಎರಡು ಸಾರಿ” ಎಂದು ಸುತ್ತ ನೋಡಿ, ಮುರಾರಿ ಕುಳಿತದ್ದನ್ನು ನೋಡಿ, “ಮೂರು ಸಾರಿ” ಎಂದು ಚೆಂಡನ್ನು ಅವಳ ಮಡಿಲಿಗೆ ಹಾಕಿದ. ಅವನ ಕಣ್ಣಲ್ಲಿ ನೀರಿತ್ತು. ಹಲಗೆ ಬಡಿಯುತ್ತ ನಾವು ಅವಳನ್ನು ಮೈದಾನದ ಸುತ್ತ ಒಂದು ಸುತ್ತು ತಂದೆವು.

ಸುತ್ತು ಮುಗಿದಾಗ ಮಧ್ವರಾಜ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ. “ಅಕ್ಕ, ಹಣ ಇವತ್ತೇ ಕೊಡ್ತೀರಾ, ನಾಳೆ ಬೆಳಿಗ್ಗೆ ಬರ್ಲಾ?”

ನಾಗವೇಣಕ್ಕ ನಕ್ಕಳು. “ಏನ್ ಚಾಷ್ಟಿ ಮಾಡ್ತೀರಿ! ಮುಂದಿನ ಗಣಪತಿಗೆ ಮುಟ್ಟಸ್ತೀನಲ್ರೀ.”

ಅವಳು ತಮಾಷೆ ಮಾಡಿರಲಿಲ್ಲ. ನಮ್ಮ ಕಡೆ ಸವಾಲಿನ ರೊಕ್ಕ ಮುಂದಿನ ವರ್ಷದ ಹಬ್ಬದೊಳಗೆ ಮುಟ್ಟಿದರೆ ಆಯಿತು. ಅವತ್ತೇ ಎಣಿಸಿ ಕೊಟ್ಟವನನ್ನು ನೋಡಿ ‘ಇವನಿಗೆ ಬರೋ ವರ್ಷ ಬದುಕೋ ನಂಬಿಕೆ ಇಲ್ಲ’ ಎಂದು ನಗುತ್ತಾರೆ. ಭಾನುವಾರ ಭಾನುವಾರ ರೊಟ್ಟಿಯಲ್ಲಿ ಇಷ್ಟಿಷ್ಟು ತೆಗೆದಿಟ್ಟರೆ ವರ್ಷದೊಳಗೆ ತೀರುತ್ತದೆ ಎಂದು ಅವಳು ಲೆಕ್ಕ ಹಾಕಿಯೇ ಕೂಗಿದ್ದಳು. ಅವರ ಕಡೆ ಏಲಂ ಎಂದರೆ ರೊಕ್ಕ ಅಲ್ಲೇ, ತಪ್ಪಿದರೆ ಮಾರನೆಯ ಬೆಳಿಗ್ಗೆ. ಇಷ್ಟು ವರ್ಷ ಒಂದೇ ಮೈದಾನದಲ್ಲಿದ್ದೂ ಇದನ್ನು ಅವರು ನಮ್ಮನ್ನು ಕೇಳಿರಲಿಲ್ಲ, ನಾವು ಅವರನ್ನು ಕೇಳಿರಲಿಲ್ಲ.

ಮಧ್ವರಾಜ ಆಗ ಬಾಯಿಬಿಟ್ಟ. ಸೋಮವಾರ, ನಾಲ್ಕು ಗಂಟೆ, ಬೇಲಾಪುರ. ಹಲಗೆ ನಿಂತಿತು.

ನಾಗವೇಣಕ್ಕ ಚೆಂಡನ್ನು ಹಿಡಿದುಕೊಂಡೇ ಮುರಾರಿಯ ಮುಂದೆ ಹೋಗಿ ನಿಂತಳು. ಅವಳಿಗೆ ಅದು ಸಾವಿನಷ್ಟು ಕಷ್ಟವಾಗಿತ್ತು, ನಮಗೆ ಕಾಣುತ್ತಿತ್ತು. ಸವಾಲು ಹಿಡಿದು ಮುರಿದವರ ಮನೆಗೆ ಒಳ್ಳೆಯದಾಗುವುದಿಲ್ಲ ಎನ್ನುತ್ತಾರೆ.

“ಅಣ್ಣಾರ, ನಂದು ತಪ್ಪಾತು. ನಿಮ್ಮ ನಾಲ್ಕು ಸಾವಿರಕ್ಕ ನೀವ ತಗೋರಿ. ಮ್ಯಾಲಿನ ಸಾವಿರ ನಾವು ಹ್ಯಾಂಗರ ಹೊಂದಸ್ತೀವಿ.”

ಮುರಾರಿ ಮಧ್ವರಾಜನ ಕಡೆ ನೋಡಿದ. ಮಧ್ವರಾಜ ನೆಲ ನೋಡಿದ.

“ನನ್ನತ್ರ ಎಲ್ಲಿ ಉಂಟಕ್ಕ ನಾಲ್ಕು ಸಾವಿರ?” ಎಂದ ಮುರಾರಿ. “ರೇಟು ಏರಿಸ್ಲಿಕ್ಕೆ ಒಬ್ಬ ಬೇಕು ಅಂತ ಮಧ್ವಣ್ಣನೇ ನನ್ನನ್ನು ಎಬ್ಬಿಸಿದ್ದು. ದೇವರ ಕೆಲಸ, ಎಲ್ಲಾ ಕಡೆ ಹೀಗೇ ಅಲ್ಲವಾ?”

ದಿಬ್ಬದವರ ನಡುವಿನಿಂದ ಒಂದು ಕೆಟ್ಟ ಬೈಗುಳ ಬಂತು. ಹೋಟೆಲಿನ ಹುಡುಗರು ಒಂದು ಕಡೆ, ನಾವು ಒಂದು ಕಡೆ ಸರಿದೆವು. ನಿನ್ನೆಯವರೆಗೆ ಒಂದೇ ಬಾಟಲಿಯ ನೀರು ಕುಡಿದವರು ಅಂಗಿಯ ತೋಳು ಮಡಿಚತೊಡಗಿದರು. ಯಾರಾದರೂ ಒಬ್ಬ ಮುಂದೆ ಹೆಜ್ಜೆಯಿಟ್ಟಿದ್ದರೆ ಕ್ಲಬ್ಬನ್ನು ಮುಚ್ಚಲು ಬೇಲಾಪುರದವರು ಬರಬೇಕಾಗಿಯೇ ಇರಲಿಲ್ಲ.

“ಸುಮ್ನಿರ್ರಿ!” ಎಂದಳು ನಾಗವೇಣಕ್ಕ. “ಅವರು ಸುಳ್ಳು ಕೂಗ್ಯಾರ. ನಾ ಖರೇನ ಕೂಗೀನಿ. ಗಣಪತಿ ಮುಂದ ಉಳದಿದ್ದು ನಂದೊಂದ ಮಾತು. ನಾಳೆ ಮಾರ್ಕೆಟ್‌ನ್ಯಾಗ ಕೇಳ್ತೀನಿ. ಮಧ್ವಣ್ಣಾರ, ನೀವೂ ಬರ್ರಿ.”

ಕೇಳುವುದೆಂದರೆ ನಮ್ಮ ಟೋಳಿಯನ್ನು. ಚೀಲ ಹೊರುವವರ ಗುಂಪಿಗೆ ಟೋಳಿ ಎನ್ನುತ್ತಾರೆ. ನಮ್ಮ ಟೋಳಿಗೆ ಬಾಲಪ್ಪನೇ ಮುಕಾದಮ, ಅಂದರೆ ಮೇಸ್ತ್ರಿ. ಟ್ರಕ್ಕಿನವರು ಮಾಲು ಇಳಿಸಿದ್ದಕ್ಕೆ ಕೈಗೆ ಕೊಡುವ ರೊಕ್ಕ ವರಾಯಿ. ಅದು ಮುಕಾದಮನ ಹತ್ತಿರ ಕೂಡಿ, ಶನಿವಾರ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಹಬ್ಬದ ಗಡಿಬಿಡಿಯಲ್ಲಿ ಎರಡು ಶನಿವಾರ ಹಂಚಿರಲಿಲ್ಲ, ಐದು ಸಾವಿರದ ಮೇಲೇ ಕೂಡಿತ್ತು. ಎಷ್ಟೋ ಮನೆಗಳಲ್ಲಿ ಹಿಟ್ಟಿನ ಡಬ್ಬಿ ಆ ರೊಕ್ಕದ ದಾರಿ ಕಾಯುತ್ತಿತ್ತು. ಅದನ್ನು ಬೇರೆ ಯಾವುದಕ್ಕಾದರೂ ತೆಗೆಯಬೇಕೆಂದರೆ ಟೋಳಿಯ ಪ್ರತಿಯೊಬ್ಬನೂ ತನ್ನ ಚೀಲ ಎಳೆಯುವ ಹುಕ್ಕನ್ನು ತೂಕದ ಕಾಟಾದ ಮೇಲೆ ಇಡಬೇಕು. ಒಂದು ಹುಕ್ಕು ಬೀಳದಿದ್ದರೂ ಇಲ್ಲ. ಹೆಂಡತಿ ಕೇಳಿದಳೆಂದು ಬಾಲಪ್ಪ ಆ ರೀತಿಯನ್ನು ಸಡಿಲ ಬಿಡುವವನಲ್ಲ.

ಸೋಮವಾರ ನಾಶಿಕದಿಂದ ಬಂದ ಟ್ರಕ್ಕುಗಳೆಲ್ಲ ಖಾಲಿಯಾಗುವ ಹೊತ್ತಿಗೆ ಎರಡು ದಾಟಿತ್ತು. ಮಧ್ವರಾಜ ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದ. ಅವಸರಕ್ಕೆ ಒಂದು ಚೀಲಕ್ಕೆ ಕೈ ಹಾಕಲು ಹೋಗಿ, ಹಮಾಲಿಯ ಬಿಲ್ಲೆ ಇಲ್ಲದವರು ಮಾಲು ಮುಟ್ಟಬಾರದೆಂದು ಬೈಸಿಕೊಂಡು, ಗಡಿಯಾರ ನೋಡುವುದೊಂದನ್ನೇ ಮಾಡುತ್ತಿದ್ದ.

ನಾಗವೇಣಕ್ಕ ಉದ್ದ ಮಾತಾಡಲಿಲ್ಲ. “ಬಿಡಬ್ಯಾಡ್ರಿ ಅಕ್ಕಾ ಅಂತ ಒದರಿದವರು ನೀವ. ನಾ ಬಿಡಲಿಲ್ಲ. ಈಗ ನೀವು ನನ್ನ ಕೈ ಬಿಡಬ್ಯಾಡ್ರಿ. ಮುಂದಿನ ಗಣಪತಿಯೊಳಗ ಟೋಳಿ ರೊಕ್ಕ ಟೋಳಿಗೆ ಬರ್ತೈತಿ.”

ಮೊದಲ ಹುಕ್ಕು ರೇವಣಸಿದ್ದನದು. ಆಮೇಲೆ ಒಂದೊಂದಾಗಿ ಕಬ್ಬಿಣ ಕಬ್ಬಿಣಕ್ಕೆ ಬಡಿಯಿತು. ನನ್ನದನ್ನು ಇಡುವಾಗ ಮನೆಯ ಹಿಟ್ಟಿನ ಡಬ್ಬಿ ನೆನಪಾಗಿ ಕೈ ಸ್ವಲ್ಪ ತಡೆಯಿತು, ಆದರೂ ಇಟ್ಟೆ. ಕೊನೆಗೆ ಒಂದು ಉಳಿಯಿತು. ಅದು ಜೈಭೀಮನ ಹೆಗಲ ಮೇಲೇ ಇತ್ತು. ಅವನು ಗುಲಬರ್ಗಾ ಕಡೆಯವನು, ಟೋಳಿಯಲ್ಲೆಲ್ಲ ಮಾತು ಕಮ್ಮಿ.

“ಅಕ್ಕ ಗಣಪತಿ ಮುಂದ ಸವಾಲ್ ಹಿಡದಾಳ, ಅಕ್ಕನೇ ಕೊಡ್ಲಿ,” ಎಂದ. “ನಮ್ಮ ಮನ್ಯಾಗ ಗಣಪತಿ ಇಲ್ಲ. ನನ್ನ ವರಾಯಿ ಯಾಕ ಹೋಗ್ಬೇಕು?”

“ಗಣಪತಿಗಲ್ಲೋ, ಮೈದಾನಕ್ಕ,” ಎಂದ ಬಾಲಪ್ಪ.

“ಯಾರ ಮೈದಾನ? ಬಾಬಾಸಾಹೇಬರ ಜಯಂತಿಗಿ ಒಂದು ದಿನ ಕೊಡ್ರಿ ಅಂತ ಇವರ ಗಲ್ಲಾಕ್ಕ ಹೋಗಿ ಕೈಮುಗದೀನಿ. ಕಮಿಟಿಯಲ್ಲಿ ನೋಡುವ ಅಂದ್ರು. ನೋಡಿದ್ರೇನು? ಏಪ್ರಿಲ್ ಹದಿನಾಲ್ಕು ರಸ್ತೆ ಮ್ಯಾಲೇ ಹೋಯ್ತು. ಆಡ್ಲಾಕ ನಮ್ಮವರು ಬೇಕು, ಒದರ್ಲಾಕ ನಾವು ಬೇಕು, ಈಗ ರೊಕ್ಕಕ್ಕೂ ನಾವೇ ಬೇಕು.”

ಅವನು ಹೇಳಿದ್ದು ನಿಜವಾಗಿತ್ತು, ಅವನು ಕೇಳಿದಾಗ ದಿಬ್ಬದವರಾದ ನಾವೂ ಒಂದು ಮಾತು ಆಡಿರಲಿಲ್ಲ. ನಾಗವೇಣಕ್ಕ ಮಧ್ವರಾಜನ ಕಡೆ ತಿರುಗಿದಳು.

“ನಾನೊಬ್ಬ ಹೇಗೆ ಹೇಳುದಕ್ಕ?” ಎಂದ ಅವನು. “ಕಮಿಟಿ ಉಂಟಲ್ಲ.”

“ಕಮಿಟಿ ಈಗ ಎಲ್ಲೈತ್ರೀ? ರೊಕ್ಕ ಕೇಳಾಕ ನೀವೊಬ್ರ ಬಂದೀರಿ, ಮಾತು ಕೊಡಾಕ ಕಮಿಟಿ ಬೇಕೇನು?”

ಅವನು ಗಡಿಯಾರ ನೋಡಿದ. ಬಾಲಪ್ಪ ಹುಕ್ಕುಗಳನ್ನು ವಾಪಸು ಕೊಡಲು ಬಗ್ಗಿದ. ನಾಗವೇಣಕ್ಕ ಕಾಟಾಕ್ಕೆ ಅಡ್ಡ ನಿಂತಳು.

“ಜೈಭೀಮಾ, ಕೇಳಪಾ. ರೊಕ್ಕ ಮುಟ್ಟಿದ ಮ್ಯಾಲೆ ಚೆಂಡು ನಂದು. ಆ ಕ್ಲಬ್ಬಿನ್ಯಾಗ ಗಾಳಿ ನಿಲ್ಲೂ ಚೆಂಡು ಅದೊಂದ. ಇವರು ತಮ್ಮ ಬಾಯಿಲೆ, ದಿಬ್ಬದ ಮುಂದ, ನಿಮಗ ಆ ದಿನ ಕೊಡೂತನಾ ಅದು ನನ್ನ ಬುಟ್ಟಿ ಬಿಟ್ಟು ಹೊರಗ ಬರಂಗಿಲ್ಲ. ಆಟ ನಿಂತ್ರ ನಿಲ್ಲಲಿ. ನನ್ನ ತಮ್ಮ ಕೈ ಕಟ್ಟಿ ನಿಂತ್ರೂ ನಿಲ್ಲಲಿ.”

ರೇವಣಸಿದ್ದ ಅಕ್ಕನ ಮುಖ ನೋಡಿದ. ಜೈಭೀಮ ಅವರಿಬ್ಬರನ್ನೂ ನೋಡಿದ. ಆಮೇಲೆ ಹೆಗಲಿನಿಂದ ಹುಕ್ಕು ತೆಗೆದು, ಎಸೆಯದೆ, ಮೆಲ್ಲಗೆ ಎಲ್ಲದರ ಮೇಲೆ ಇಟ್ಟ.

“ಗಣಪತಿಗಲ್ಲ,” ಎಂದ. “ನಿನ್ನ ಮಾತಿಗಿ.”

ವಾಶಿ ಸ್ಟೇಷನ್ನಿಗೆ ಓಡಿದವರು ನಾಲ್ಕು ಜನ: ಬಾಲಪ್ಪ, ಅಕ್ಕ, ಮಧ್ವರಾಜ, ನಾನು. ರೊಕ್ಕವೆಲ್ಲ ಹತ್ತು-ಇಪ್ಪತ್ತರ ಕೊಳಕು ನೋಟು, ಈರುಳ್ಳಿಯ ವಾಸನೆ. ಬಾಲಪ್ಪ ಅದನ್ನು ಟವೆಲಿನಲ್ಲಿ ಕಟ್ಟಿ ಹೊಟ್ಟೆಗೆ ಬಿಗಿದುಕೊಂಡಿದ್ದ. ಒಂದು ಗಾಡಿ ಕಣ್ಣೆದುರೇ ತಪ್ಪಿತು. ಮುಂದಿನದು ನೆರೂಳಿನ ಹತ್ತಿರ ಸುಮ್ಮನೆ ನಿಂತುಬಿಟ್ಟಿತು. ನಿಂತಷ್ಟು ಹೊತ್ತೂ ಮಧ್ವರಾಜ ಬಾಗಿಲ ಸಲಾಕೆ ಹಿಡಿದು ತುಳುವಿನಲ್ಲಿ ಯಾವ ಯಾವ ದೈವಗಳಿಗೋ ಹರಕೆ ಹೇಳುತ್ತಿದ್ದ. ಬೇಲಾಪುರದ ಕಚೇರಿಯ ಮೆಟ್ಟಿಲು ಹತ್ತಿದಾಗ ರೊಕ್ಕ ಕಟ್ಟುವ ಕಿಟಕಿಯ ಒಂದು ಬಾಗಿಲು ಮುಚ್ಚಿತ್ತು. ಇನ್ನೊಂದರ ಸಂದಿಗೆ ನಾಗವೇಣಕ್ಕ ಕೈ ತೂರಿಸಿದಳು.

“ಅಹೋ ಬಾಯಿ, ಹಾತ್ ಕಾಢಾ!” ಎಂದು ಒಳಗಿನಿಂದ ಗುಮಾಸ್ತ ಮರಾಠಿಯಲ್ಲಿ ಕೂಗಿದ. ಅವಳು ಕೈ ತೆಗೆಯಲಿಲ್ಲ. ಬಾಲಪ್ಪ ಟವೆಲು ಬಿಚ್ಚಿದ. ಗುಮಾಸ್ತ ಗೋಡೆಯ ಗಡಿಯಾರ ನೋಡಿ, ಮೂಗು ಮುಚ್ಚಿಕೊಂಡು ನೋಟು ಎಣಿಸಿ, ರಸೀದಿಗೆ ಮೊಹರು ಒತ್ತಿದ. ಹೊರಗೆ ಬಂದು ಮಧ್ವರಾಜ ಮೆಟ್ಟಿಲ ಮೇಲೆ ಕುಳಿತು ಅತ್ತ. ನಾಗವೇಣಕ್ಕ ಅಳಲಿಲ್ಲ, ಅವನನ್ನು ಸಮಾಧಾನವೂ ಮಾಡಲಿಲ್ಲ.

ಮುಂದಿನ ಭಾನುವಾರ ಕಲ್ಯಾಣದ ತಂಡ ಬಂದಿತ್ತು. ದಿಬ್ಬ ತುಂಬಿತ್ತು, ಹಿಂದಿನ ಸಾಲಿನಲ್ಲಿ ಜೈಭೀಮನೂ ಇದ್ದ. ರೇವಣಸಿದ್ದ ಗೋಲಿನಲ್ಲಿ ಕೈಗವಸು ಹಾಕಿಕೊಂಡು ನಿಂತಿದ್ದ. ಚೆಂಡು ರೊಟ್ಟಿ ಬುಟ್ಟಿಯಲ್ಲಿ, ಬಿಳಿ ಬಟ್ಟೆಯ ಕೆಳಗಿತ್ತು. ರೆಫರಿ ಎರಡು ಸಲ ಸೀಟಿ ಊದಿದ. ಮಧ್ವರಾಜ ಬಂದು ಕೈ ಚಾಚಿದ. ನಾಗವೇಣಕ್ಕ ಬುಟ್ಟಿಯ ಮೇಲೆ ಕೈಯಿಟ್ಟು ಕುಳಿತೇ ಇದ್ದಳು.

“ಅಕ್ಕ, ಕಮಿಟಿಯವರು ಒಪ್ಪಿ…”

“ನನಗಲ್ರೀ. ಅಲ್ಲಿ ಹೇಳ್ರಿ.”

ರೆಫರಿ ಗಡಿಯಾರ ತೋರಿಸಿದ. ಕಲ್ಯಾಣದವರು ನಗತೊಡಗಿದರು. ಮಧ್ವರಾಜ ಒಮ್ಮೆ ಹೋಟೆಲಿನ ಹುಡುಗರ ಕಡೆ, ಒಮ್ಮೆ ಖುರ್ಚಿಯಲ್ಲಿ ಕುಳಿತ ಕಮಿಟಿಯವರ ಕಡೆ ನೋಡಿದ. ಅವರಲ್ಲಿ ಇಬ್ಬರು ಮುಖ ತಿರುಗಿಸಿದರು. ಅವನು ದಿಬ್ಬದ ಕೆಳಗೆ ಬಂದು ನಿಂತು, ಅವತ್ತು ಗಣಪತಿಯ ಮುಂದೆ ಕೂಗಿದ ದನಿಯಲ್ಲೇ ಕೂಗಿದ.

“ಏಪ್ರಿಲ್ ಹದಿನಾಲ್ಕು, ಇಡೀ ದಿನ, ಮೈದಾನ ಜೈಭೀಮಣ್ಣನವರಿಗೆ! ಒಂದು ಸಾರಿ!”

ಖುರ್ಚಿಗಳ ಹತ್ತಿರ ಗುಸುಗುಸು ಎದ್ದಿತು.

“ಎರಡು ಸಾರಿ!”

ಮುರಾರಿ ಬಾಯಿ ತೆರೆದ. ನಾಗವೇಣಕ್ಕ ಅವನನ್ನು ಒಂದೇ ಸಲ ನೋಡಿದಳು. ಅವನು ಅದನ್ನು ಆಕಳಿಕೆ ಮಾಡಿ ಮುಗಿಸಿದ.

“ಮೂರು ಸಾರಿ!”

ಜೈಭೀಮ ಕೈ ಮುಗಿಯಲಿಲ್ಲ. ಎದೆಯ ಮೇಲೆ ಕಟ್ಟಿಕೊಂಡಿದ್ದ ಕೈಗಳನ್ನು ಬಿಚ್ಚಿದ, ಅಷ್ಟೇ. ನಾಗವೇಣಕ್ಕ ಬಟ್ಟೆ ಸರಿಸಿ, ಚೆಂಡಿಗೆ ಅಂಟಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿ, ಮಧ್ವರಾಜನ ಕೈಗೆ ಕೊಟ್ಟಳು.

“ವಾಪಸ್ ಯಾವಾಗ ಕೊಡುದಕ್ಕ?” ಎಂದ ಅವನು ಮೆಲ್ಲಗೆ.

“ಮುಂದಿನ ಗಣಪತಿಗೆ,” ಎಂದಳು. “ನಾವು ಉದ್ರಿ ನಂಬೂ ಮಂದಿ.”