ಸಕಾರಕ್ಕೊಂದು ಗುಡಿಸು

“‘ನಿಲ್ಲಿಸದೆ’. ಬರೀರಿ, ‘ನಿಲ್ಲಿಸದೆ’. ಮುಗೀತು,” ಎಂದರು ಮೇಲ್ವಿಚಾರಕರು. ಎಲ್ಲ ಮಾತನ್ನೂ ಹೀಗೆ ಮುಗಿಸುತ್ತಿದ್ದುದರಿಂದ ಕಚೇರಿಯಲ್ಲಿ ಅವರಿಗೆ ‘ಮುಗೀತು ಸಾಹೇಬರು’ ಎಂದೇ ಹೆಸರು. ಎದುರಿಗಲ್ಲ, ಬೆನ್ನ ಹಿಂದೆ.

ಟೈಪಿಸ್ಟ್ ಬೆರಳುಗಳನ್ನು ಕೀಲಿಮಣೆಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು.

“ನನಗೆ ಹಾಗೆ ಕೇಳಿಸ್ಲಿಲ್ಲ ಸರ್. ಇನ್ನೊಂದು ಥರಾನೂ ಕೇಳಿಸ್ಲಿಲ್ಲ. ಅದಕ್ಕೇ ‘ಅಸ್ಪಷ್ಟ’ ಅಂತ ಹಾಕಿದ್ದೆ.”

“ಅಸ್ಪಷ್ಟ ಅಂತ ಹಾಕಿದ್ರೆ ನಮ್ಮ ಕೆಲ್ಸಾನೇ ಅಸ್ಪಷ್ಟ ಅಂತಾರೆ. ದುಡ್ಡು ಕೊಡೋರು ಅಕ್ಷರಕ್ಕೆ ಕೊಡ್ತಾರೆ ಕಣ್ರೀ, ಅನುಮಾನಕ್ಕಲ್ಲ.”

ವಿಚಾರಣೆಗಳ ಧ್ವನಿಮುದ್ರಣ ಆ ಕಚೇರಿಗೆ ಬರುತ್ತಿತ್ತು. ಕೇಳಿ ಟೈಪು ಮಾಡಿ, ಹೇಳಿಕೆ ಕೊಟ್ಟವರನ್ನು ಕರೆಸಿ, ಓದಿ ಹೇಳಿ, ಸಹಿ ಹಾಕಿಸಿ ಕಳಿಸುವುದು ಅವರ ಕೆಲಸ. ಈ ಸಲದ್ದು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯದು. ರಟ್ಟು ಕತ್ತರಿಸುವ ಯಂತ್ರಕ್ಕೆ ಒಬ್ಬ ಹೆಂಗಸಿನ ಬಲಗೈ ಸಿಕ್ಕಿ ಮಣಿಕಟ್ಟಿನವರೆಗೆ ಹೋಗಿತ್ತು. ತಪ್ಪು ಅವಳದೋ ಕಾರ್ಖಾನೆಯದೋ ಎಂಬುದೇ ವಿಚಾರಣೆ. ಮುದ್ರಣದಲ್ಲಿ ಮೇಲೆ ಫ್ಯಾನು ತಿರುಗುವ ಸದ್ದು, ಯಾರದೋ ಕುರ್ಚಿಯ ಕಿರುಗುಟ್ಟು, ಕೆಮ್ಮು. ಅವುಗಳ ನಡುವೆ ಅವಳ ದನಿ. “ರಟ್ಟು ಸಿಕ್ಕಾಕ್ಕೊಂಡಿತ್ತು. ಮೆಷಿನ್ ನಿಲ್ಸ್...ದೆ ಕೈ ಹಾಕ್ದೆ. ಅಷ್ಟರಲ್ಲಿ ಎಳ್ಕೊಂಡ್ಬಿಡ್ತು.”

ನಿಲ್ಲಿಸಿದೆ, ಕೈ ಹಾಕಿದೆ ಎಂದಳೋ? ನಿಲ್ಲಿಸದೆ ಕೈ ಹಾಕಿದೆ ಎಂದಳೋ? ಸಕಾರದ ತಲೆಯ ಮೇಲೆ ಗುಡಿಸೋ ತಲಕಟ್ಟೋ, ಅಷ್ಟೇ ವ್ಯತ್ಯಾಸ. ಒಂದನೇ ತರಗತಿಯ ಮಕ್ಕಳು ಸ್ಲೇಟಿನ ಮೇಲೆ ತಿದ್ದುವಷ್ಟು. ಗುಡಿಸು ಇದ್ದರೆ ಅವಳು ಯಂತ್ರ ನಿಲ್ಲಿಸಿಯೇ ಕೈ ಹಾಕಿದವಳು. ಇಲ್ಲದಿದ್ದರೆ ಕೈಯಾರೆ ಕೈ ಕಳೆದುಕೊಂಡವಳು.

“ನಿಲ್ಸಿದ್ರೆ ಮೆಷಿನ್ ಹೆಂಗ್ರೀ ಎಳೀತಿತ್ತು?” ಎಂದರು ಸಾಹೇಬರು. “ಸ್ವಲ್ಪ ತಲೆ ಓಡಿಸ್ಬೇಕು. ವ್ಯಾಕರಣಾನೂ ಸರಿ ಕೂತ್ಕೊಳ್ಳುತ್ತೆ ನೋಡಿ, ನಿಲ್ಲಿಸದೆ ಕೈ ಹಾಕಿದೆ. ಒಂದೇ ವಾಕ್ಯ.”

“ನನ್ನ ಕೆಲ್ಸ ಕೇಳೋದು ಸರ್. ಹೆಡ್‌ಫೋನ್ ಸರಿ ಇದ್ದಿದ್ರೆ ಕೇಳ್ಸಿರೋದು.”

ಅದನ್ನು ಎತ್ತಿ ತೋರಿಸಿದಳು. ಕಚೇರಿ ಸಗಟಿನಲ್ಲಿ ತರಿಸಿದ ಸರಕು. ಎಡಗಿವಿಯ ಸ್ಪಂಜು ಕಿತ್ತುಹೋಗಿ ಅವಳೇ ರಬ್ಬರ್ ಬ್ಯಾಂಡ್ ಸುತ್ತಿದ್ದಳು. ಬಲಗಿವಿಯದು ವೈರನ್ನು ಮಡಚಿ ಹಿಡಿದರೆ ಮಾತ್ರ ಕೇಳಿಸುತ್ತಿತ್ತು. ಹೊಸದು ಬೇಕೆಂದು ಅವಳು ಬರೆದುಕೊಟ್ಟ ಅರ್ಜಿ ಸಾಹೇಬರ ಟೀ ಲೋಟದ ಕೆಳಗೆ ಗುಂಡಗಿನ ಕಲೆ ಹೊತ್ತು ಕೂತು ಬಹಳ ಕಾಲವಾಗಿತ್ತು.

ಸಾಹೇಬರು ನಕ್ಕರು. ಸುತ್ತಲ ಮೇಜುಗಳಿಗೂ ಕೇಳಲಿ ಎಂಬಂತೆ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!” ಎಂದರು. ನಾಲ್ಕಾರು ಮಂದಿ ನಕ್ಕರು. “ನಾಳೆ ಬೆಳಿಗ್ಗೆ ಆ ಯಮ್ಮ ಸಹಿಗೆ ಬರ್ತಾಳೆ. ನಿಲ್ಲಿಸದೆ. ಮುಗೀತು.”

ಅವಳು ಬರೆಯಲಿಲ್ಲ. ಅವರೇ ಬಗ್ಗಿ, ಅವಳ ಹೆಗಲ ಮೇಲಿಂದ ಕೈ ಚಾಚಿ, ಒಂದೇ ಬೆರಳಿನಲ್ಲಿ ಕುಟ್ಟಿದರು.

ಅವಳಿಗೆ ಸಿಟ್ಟು ಬಂದು ಬಹಳ ದಿನಗಳಾಗಿದ್ದವು. ಯಾವುದರ ಮೇಲೂ ಬರುತ್ತಿರಲಿಲ್ಲ. ಊಟ ಆರಿದರೆ ಆರಿದ್ದನ್ನೇ ತಿನ್ನುತ್ತಿದ್ದಳು. ಬಸ್ಸು ತಪ್ಪಿದರೆ ನಿಲ್ದಾಣದ ಬೆಂಚಿನಲ್ಲಿ ಕೂತಿರುತ್ತಿದ್ದಳು. ಈಗ ಮಾತ್ರ ಕಿವಿಯ ಹಿಂದೆ ಏನೋ ಬಿಸಿಯಾಗಿ ಏರುತ್ತಿತ್ತು. ಇದೇನೆಂದು ಮೊದಲಿಗೆ ಅವಳಿಗೇ ಗುರುತು ಹತ್ತಲಿಲ್ಲ. ಸಾಹೇಬರು ಅತ್ತ ಹೋದ ಮೇಲೆ ಆ ಮೂರು ಮಾತುಗಳ ತುಣುಕನ್ನು ತನ್ನ ಫೋನಿಗೆ ಇಳಿಸಿಕೊಂಡಳು. ದಾಖಲೆಯನ್ನು ಹೊರಗೆ ಒಯ್ಯಬಾರದೆಂದು ಬಾಗಿಲ ಪಕ್ಕದ ಫಲಕದಲ್ಲೇ ದಪ್ಪಕ್ಷರದಲ್ಲಿ ಬರೆದಿತ್ತು. ಅದರ ಮುಂದೆಯೇ ದಾಟಿಕೊಂಡು ಹೋದಳು.

“ಹೊಸ ಹೆಡ್‌ಫೋನ್ ಯಾಕೆ? ಅಣ್ಣಂದು ಹಳೇದಿತ್ತಲ್ಲ ಅತ್ತಿಗೆ, ಅಲ್ಮೇರಾದಲ್ಲಿ?” ಎಂದಳು ನಾದಿನಿ. ಕಾಲೇಜು ಮುಗಿಸಿ ಬಂದವಳು ಬಸ್ ನಿಲ್ದಾಣದಲ್ಲೇ ಜೊತೆಯಾಗಿದ್ದಳು.

“ಅದು ಇರ್ಲಿ ಬಿಡು.”

ನಾದಿನಿ ಮಾತನ್ನು ಅಲ್ಲಿಗೇ ಬಿಟ್ಟಳು. ಬಾಯಿ ಸುಮ್ಮನಿರದ ಹುಡುಗಿ. ಆದರೆ ಎಲ್ಲಿ ಸುಮ್ಮನಿರಬೇಕೆಂದು ತಿಳಿದ ಹುಡುಗಿ.

ಅಂಗಡಿಯ ಗೋಡೆಯ ತುಂಬ ಡಬ್ಬಗಳು. ಡಬ್ಬದ ಮೇಲೆಲ್ಲ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಚೆಲ್ಲಿ ನಗುವವರ ಚಿತ್ರಗಳು. ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡು ಕುಳಿತಿದ್ದ. ಇವರನ್ನು ಕಂಡದ್ದೇ ಕನ್ನಡಕ ಇಳಿಸಿ, ಹೊಳೆಯುವ ದೊಡ್ಡದೊಂದನ್ನು ಗಾಜಿನ ಮೇಲಿಟ್ಟ.

“ಇದು ಈಗ ಬಹಳ ಓಡ್ತಿದೆ ಮೇಡಂ. ಹಾಕ್ಕೊಂಡ್ರೆ ಡ್ರಮ್ಮು ಸೀದಾ ಎದೆಗೇ ಗುದ್ದುತ್ತೆ.”

“ನನಗೆ ಎದೆಗೆ ಗುದ್ದಿಸ್ಕೊಳ್ಳೋದು ಬೇಡ. ಮಾತು ಕೇಳ್ಬೇಕು.”

“ಫೋನಲ್ಲಿ ಮಾತಾಡೋಕಾ?”

“ಅಲ್ಲ. ಬೇರೆಯವರ ಮಾತು.”

ಅಂಗಡಿಯವನು ಇಬ್ಬರನ್ನೂ ನೋಡಿದ. “ಪೊಲೀಸಾ?”

“ಹೂಂ, ಅತ್ತಿಗೆ ಇನ್ಸ್‌ಪೆಕ್ಟರು, ನಾನು ಕಾನ್‌ಸ್ಟೇಬಲ್ಲು,” ಎಂದಳು ನಾದಿನಿ. “ಬೆಲೆ ಜಾಸ್ತಿ ಹೇಳಿದ್ರೆ ಒಳಗೆ ಹಾಕ್ತೀವಿ.”

ಅವನು ನಗುತ್ತ ತನ್ನ ಹಾಡೊಂದನ್ನು ಹಾಕಲು ಹೋದ. ಬೇಡವೆಂದು ಅವಳು ತನ್ನ ಫೋನಿಗೇ ಸಿಕ್ಕಿಸಿಕೊಂಡಳು. ದೊಡ್ಡದು ಕಿವಿಯನ್ನು ಮೆತ್ತಗೆ ಮುಚ್ಚಿತು. ವಿಚಾರಣೆಯ ಕೋಣೆಯ ಫ್ಯಾನು ಗುಡುಗಾಯಿತು. ಹೆಂಗಸು ಕಂಬಳಿ ಹೊದ್ದು ಅದರೊಳಗಿಂದ ಮಾತಾಡಿದಳು. ತೆಗೆದಿಟ್ಟಳು. ಆಮೇಲೆ ಕಿವಿಯೊಳಗೆ ತುರುಕುವ ಪುಟ್ಟದು ಬಂತು, ವೈರಿಲ್ಲದ್ದು, ಹುರುಳಿಕಾಳಿನಷ್ಟೇ ಇದ್ದದ್ದು. ಅದರಲ್ಲಿ ಸಕಾರ ಬಂದಾಗಲೆಲ್ಲ ಕಾದ ಕಾವಲಿಗೆ ನೀರು ಬಿದ್ದಂತೆ ಚುಂಯ್ ಎನ್ನುತ್ತಿತ್ತು. ಆ ಚುಂಯ್ ಅಡಿಯಲ್ಲಿ, ಸಕಾರದ ತಲೆಯ ಮೇಲೆ ಏನಿತ್ತೋ, ಕಾಣೆಯಾಯಿತು. ಬಗ್ಗಿ ಫೋನ್ ನೋಡುವಷ್ಟರಲ್ಲಿ ಒಂದು ಕಿವಿಯದು ಜಾರಿ ನೆಲಕ್ಕೆ ಬಿದ್ದು ಶೋಕೇಸಿನ ಕೆಳಗೆ ಉರುಳಿತು. ಅಂಗಡಿಯವನು ಮಂಡಿಯೂರಿ ಹುಡುಕಿದ.

“ಕೆಂಪುದು ತಗೊಳ್ಳಿ ಅತ್ತಿಗೆ, ನಿಮ್ಗೆ ಒಪ್ಪುತ್ತೆ.”

“ಕಿವಿಗೆ ಬಣ್ಣ ಕಾಣಲ್ಲ ಕಣೆ.”

“ನೋಡೋರಿಗೆ ಕಾಣುತ್ತಲ್ಲ.”

ಇನ್ನೊಂದು, ಮತ್ತೊಂದು. ಬೆಲೆ ಏರಿದಷ್ಟೂ ಸದ್ದು ಸೊಗಸಾಗುತ್ತಿತ್ತು, ಮಾತು ಸೊಗಸಾಗುತ್ತಿರಲಿಲ್ಲ. ಒಂದರಲ್ಲಂತೂ ಆ ಹೆಂಗಸಿನ ದನಿ ಜಾಹೀರಾತಿನ ದನಿಯಷ್ಟು ಸಿಹಿಯಾಗಿತ್ತು. ಕೈ ಹೋದದ್ದನ್ನು ಹೇಳುತ್ತಿರುವವಳು ಸಾಬೂನು ಮಾರುತ್ತಿದ್ದಾಳೆ ಅನಿಸಿ ಟೈಪಿಸ್ಟ್ ಅದನ್ನು ಬೇಗ ಕಿತ್ತಳು.

“ತಾನಾಗಿ ಏನೂ ಸೇರಿಸದೆ ಇರೋದು ಕೊಡಿ,” ಎಂದಳು.

ಅಂಗಡಿಯವನು ತಲೆ ಕೆರೆದುಕೊಂಡ. ಕೆಳಗಿನ ಖಾನೆಯಿಂದ ಧೂಳು ಹಿಡಿದ ಡಬ್ಬವೊಂದನ್ನು ಎಳೆದು, ಊದಿ, ತೆರೆದ. ಕಪ್ಪಗೆ, ದಪ್ಪ ವೈರಿನದು. “ರೇಡಿಯೋದವರು ಯಾವಾಗ್ಲೋ ಒಬ್ರು ಒಯ್ಯೋರು. ಬೇರೆ ಯಾರೂ ಕೇಳಲ್ಲ. ಮಜಾ ಬರಲ್ಲ ಮೇಡಂ ಇದ್ರಲ್ಲಿ, ಬರೀ ಸಪ್ಪೆ. ಇದ್ದದ್ದು ಇದ್ದ ಹಾಗೆ.”

“ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ,” ಎಂದಳು ನಾದಿನಿ. “ಇದೂ ಎದೆಗೇ ಬಂತು ನೋಡಿ.”

ಅವಳು ಹಾಕಿಕೊಂಡಳು. ನಿಜವಾಗಿಯೂ ಸಪ್ಪೆ. ಫ್ಯಾನು ಫ್ಯಾನಿನಷ್ಟೇ ಇತ್ತು, ಕುರ್ಚಿ ಕುರ್ಚಿಯಷ್ಟೇ. ಹೆಂಗಸು ಮೇಜಿನಾಚೆ ಕೂತು ಒಣಗಿದ ಬಾಯಿಯಿಂದ ಮಾತಾಡಿದಳು. ರಟ್ಟು ಸಿಕ್ಕಾಕ್ಕೊಂಡಿತ್ತು. ಮೆಷಿನ್ ನಿಲ್ಸಿದೆ. ಅಲ್ಲೊಂದು ಸಣ್ಣ ಉಸಿರು. ಕೈ ಹಾಕ್ದೆ.

ಮತ್ತೊಮ್ಮೆ ಕೇಳಿದಳು. ಗುಡಿಸು ಇತ್ತು. ಗುಡಿಸಿನ ಆಚೆ ಉಸಿರೂ ಇತ್ತು. ಎರಡು ವಾಕ್ಯ ಅದು, ಒಂದಲ್ಲ.

“ಏನಾಯ್ತು ಅತ್ತಿಗೆ? ಮುಖ ಹಾಗಾಯ್ತು?”

“ನೆಲ ಡೊಂಕಾಗೇ ಇತ್ತು,” ಎಂದಳು ಅವಳು. ಹೊಳೆಯುವ ದೊಡ್ಡದಕ್ಕಿಂತ ಇದರ ಬೆಲೆ ಕಡಿಮೆಯೇ. ಆದರೂ ಅವಳ ಸಂಬಳಕ್ಕೆ ಅದು ತೂಕವೇ. ಕಚೇರಿ ಕೊಡಬೇಕಾದದ್ದನ್ನು ತಾನು ಕೊಂಡೆನಲ್ಲ ಎಂಬ ಉರಿ ಬಸ್ಸಿನಲ್ಲಿ ಮನೆಯವರೆಗೂ ಬಂತು. ಅದು ಆರಲಿ ಎಂದು ಅವಳಿಗೆ ಅನಿಸಲಿಲ್ಲ.

ಬೆಳಿಗ್ಗೆ ಅವಳು ಹೇಳಿದ್ದನ್ನು ಸಾಹೇಬರು ನಿಂತುಕೊಂಡೇ ಕೇಳಿದರು. ಹೆಡ್‌ಫೋನನ್ನು ಒಂದು ಕಿವಿಗೆ ತಾಗಿಸಿ ಕೆಳಗಿಟ್ಟರು.

“ನನಗೆ ಎರಡೂ ಒಂದೇ ಥರ ಕೇಳ್ಸುತ್ತೆ. ಅಲ್ಲಾ, ದಾಖಲೆನ ಅಂಗಡಿಗೆ ತಗೊಂಡ್ಹೋಗಿದ್ರಾ? ಊರಿಗೆಲ್ಲ ಕೇಳಿಸ್ಕೊಂಡು ಬಂದ್ರಾ?”

“ನಾನೊಬ್ಳೇ ಕೇಳಿದ್ದು.”

“ಫಲಕದಲ್ಲಿ ಏನು ಬರ್ದಿದೆ? ಒಂದು ಗುಡಿಸಿಗೆ ಇಷ್ಟು ರಾದ್ಧಾಂತ! ಇವತ್ತಿನ ಸಹಿ ಆಗ್ಲಿ, ಆಮೇಲೆ ನಿಮ್ಮ ವಿಷಯ ನೋಡ್ತೀನಿ. ಬಾಯಿ ಮುಚ್ಕೊಂಡು ಕೂತ್ರೆ ಈ ಕೆಲ್ಸ ಇರುತ್ತೆ. ಇಲ್ಲಾಂದ್ರೆ ಮುಗೀತು.”

ಅಷ್ಟರಲ್ಲಿ ಹೆಂಗಸು ಬಂದಳು. ದನಿಯಿಂದ ಅಂದುಕೊಂಡದ್ದಕ್ಕಿಂತ ಚಿಕ್ಕವಳು. ಬಲಗೈಯನ್ನು ಸೆರಗಿನೊಳಗೆ ಮಡಚಿಕೊಂಡಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ನೋಡಿ, ಯಾರೂ ಹೇಳದ್ದರಿಂದ ಬಿಟ್ಟೇ ಬಂದಳು. ಸಾಹೇಬರು ಕುರ್ಚಿ ತೋರಿಸಿದರು. ಎಡಗೈ ಹೆಬ್ಬೆಟ್ಟಿಗೆ ಶಾಯಿಯ ಡಬ್ಬಿ ತೆರೆದಿಟ್ಟರು.

“ಓದ್ತೀನಿ ಕೇಳಮ್ಮ. ನಿಯಮ ಇದೆ, ಓದಿ ಹೇಳ್ಬೇಕು.”

ಓದಿದರು. ನುಂಗಿ ನುಂಗಿ ಓದಿದರು, ಹೊತ್ತಾದವರು ಊಟ ಮಾಡುವ ಹಾಗೆ. “ರಟ್ಟು ಸಿಕ್ಕಾಕ್ಕೊಂಡಿತ್ತು ಮೆಷಿನ್ ನಿಲ್ಸ್ದೆ ಕೈ ಹಾಕ್ದೆ ಅಷ್ಟರಲ್ಲಿ ಎಳ್ಕೊಂಡ್ಬಿಡ್ತು. ಸರಿ ಇದೆಯಾ?”

“ಹೂಂ ಸ್ವಾಮಿ, ಹಂಗೇ ಹೇಳಿದ್ದು.”

ಟೈಪಿಸ್ಟ್ ಕುರ್ಚಿಯಂಚಿಗೆ ಸರಿದಳು. ಅವರು ಸುಳ್ಳು ಓದಿರಲಿಲ್ಲ. ಆ ಹೆಂಗಸು ಸುಳ್ಳಿಗೆ ಹೂಂ ಎಂದಿರಲಿಲ್ಲ. ನುಂಗಿದ ಬಾಯಲ್ಲಿ ಎರಡೂ ಒಂದೇ ಆಗಿ, ಅವಳಿಗೆ ಅವಳದೇ ಮಾತು ಕೇಳಿಸಿತ್ತು. ಹಾಳೆಯ ಮೇಲೆ ಮಾತ್ರ ಬೇರೆಯದೇ ಕೂತಿತ್ತು. ನಿಯಮಕ್ಕೆ ಕೂದಲೆಳೆಯಷ್ಟೂ ಊನವಾಗಿರಲಿಲ್ಲ. ಕಿವಿಯ ಹಿಂದಿನ ಬಿಸಿ ನೆತ್ತಿಗೇರಿತು.

ಎದ್ದು ಹೋಗಿ ಸಾಹೇಬರ ಕೈಯಿಂದ ಹಾಳೆ ತೆಗೆದುಕೊಂಡಳು. ಕಿತ್ತುಕೊಂಡಳು ಎಂದು ಆಮೇಲೆ ಅವರು ಹೇಳಿದರು.

“ಇನ್ನೊಂದ್ಸಲ ಓದ್ತೀನಿ ಅಕ್ಕ. ಬರ್ದಿರೋದು ಬರ್ದಿರೋ ಹಾಗೆ.” ಹೆಂಗಸಿನ ಮುಖವನ್ನೇ ನೋಡುತ್ತ ಒಂದೊಂದೇ ಅಕ್ಷರ ಬಿಡಿಸಿದಳು. “ಮೆಷಿನ್, ನಿ-ಲ್ಲಿ-ಸ-ದೆ, ಕೈ ಹಾಕಿದೆ.”

ಶಾಯಿಯತ್ತ ಚಾಚಿದ್ದ ಹೆಬ್ಬೆರಳು ಅಲ್ಲೇ ನಿಂತಿತು.

“ಏನಂದ್ರಿ? ನಿಲ್ಸದೆ?”

“ನೀನೇ ಹೇಳಿರೋದಮ್ಮ, ರೆಕಾರ್ಡಾಗಿದೆ,” ಎಂದರು ಸಾಹೇಬರು. “ರ್ರೀ, ಕೊಡ್ರೀ ಹಾಳೆ ಇಲ್ಲಿ!”

“ರೆಕಾರ್ಡಾಗಿರೋದೇ ಕೇಳ್ಲಿ,” ಎಂದಳು ಟೈಪಿಸ್ಟ್.

ಒಂದೇ ಕೈಯಲ್ಲಿ ಹೆಡ್‌ಫೋನ್ ಹಾಕಿಕೊಳ್ಳಲು ಆ ಹೆಂಗಸಿಗೆ ಬರಲಿಲ್ಲ. ಟೈಪಿಸ್ಟ್ ಅವಳ ಕಿವಿಯ ಮೇಲಿನ ಕೂದಲು ಸರಿಸಿ, ತಾನೇ ತೊಡಿಸಿದಳು. ಮುದ್ರಣ ಓಡಿಸುವ ಕಾಲಡಿಯ ಪೆಡಲು ಒತ್ತಿದಳು. ಹೆಂಗಸು ನೆಲ ನೋಡುತ್ತ ಕೇಳಿದಳು. ತುಟಿಗಳು ತನ್ನ ಮಾತಿನ ಜೊತೆಗೇ ಅಲ್ಲಾಡಿದವು. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಅವಳು ಮಾತಾಡಿದಾಗ ಕಚೇರಿಯ ಎಲ್ಲ ಮೇಜುಗಳೂ ತಿರುಗಿದವು.

“ನಿಲ್ಸಿದೆ ಅಂತಾನೇ ಹೇಳಿದೀನಲ್ಲ! ನಿಲ್ಸಿದೆ! ನನ್ನ ಕೈಯಾರೆ ಆಫ್ ಮಾಡ್ದೆ! ಸ್ವಿಚ್ಚು ಆ ಕಡೆ ಗೋಡೇಲಿರೋದು, ನಾನು ಈ ಕಡೆ ಬಗ್ಗಿದ್ದೆ. ಅದನ್ನ ತಿರುಗಿ ಹಾಕ್ದೋರು ಯಾರು ಅಂತ ಅಲ್ಲೂ ಯಾರೂ ಕೇಳ್ಲಿಲ್ಲ, ಇಲ್ಲೂ ಯಾರೂ ಕೇಳ್ಲಿಲ್ಲ!”

ಯಾರೂ ನಗಲಿಲ್ಲ. ನಿನ್ನೆ ನಕ್ಕವರೂ ನಗಲಿಲ್ಲ.

ಸಾಹೇಬರು ಕೂತರು, ಎದ್ದರು. “ಆಯ್ತಮ್ಮ, ಕೂಗ್ಬೇಡ. ಬರ್ದಿದ್ದು ಬರ್ದಾಯ್ತು, ಈಗ ತಿದ್ದೋಕೆ...” ಎಂದು ಟೈಪಿಸ್ಟ್ ಕಡೆ ತಿರುಗಿದರು. “ನಿಮ್ಮ ಕೆಲ್ಸ...” ಮುಂದಿನ ಮಾತು ಏಕೋ ಅವರ ಬಾಯಿಗೆ ಬರಲಿಲ್ಲ. ಟೈಪಿಸ್ಟ್ ಅಷ್ಟರಲ್ಲಿ ಡ್ರಾಯರಿನಿಂದ ತನ್ನ ಊಟದ ಡಬ್ಬಿಯನ್ನೂ ಛತ್ರಿಯನ್ನೂ ತೆಗೆದು ಮೇಜಿನ ಮೇಲಿಟ್ಟುಕೊಂಡಿದ್ದಳು.

ಹೆಂಗಸು ಹೆಡ್‌ಫೋನ್ ತೆಗೆಯಲಿಲ್ಲ. ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.

“ಎಲ್ಲಿದೆ ಅದು?” ಈಗಲೂ ಗಟ್ಟಿಯಾಗಿಯೇ ಕೇಳಿದಳು.

ಟೈಪಿಸ್ಟ್ ಬೆರಳಿಟ್ಟು ತೋರಿಸಿ, ತನ್ನ ಪೆನ್ನಿನ ಮುಚ್ಚಳ ತೆಗೆದು ಅವಳ ಎಡಗೈಗೆ ಕೊಟ್ಟಳು. ಹಾಳೆ ಜಾರತೊಡಗಿತು. ಹೆಂಗಸು ಸೆರಗಿನೊಳಗಿಂದ ಬಲಗೈಯ ಮೊಂಡನ್ನು ಹೊರತೆಗೆದು ಹಾಳೆಯ ಅಂಚಿನ ಮೇಲೆ ಒತ್ತಿ ಹಿಡಿದಳು. ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ನಿಧಾನವಾಗಿ, ಸಕಾರದ ತಲೆಯ ಮೇಲೆ ಒಂದು ಗುಡಿಸು ಸುತ್ತಿದಳು. ಅದು ಸೊಟ್ಟಗಾಯಿತು, ದೊಡ್ಡದಾಯಿತು, ಮೇಲಿನ ಸಾಲಿಗೂ ತಾಗಿತು. ಪಕ್ಕದಲ್ಲಿ ಶಾಯಿಯ ಡಬ್ಬಿ ತೆರೆದೇ ಇತ್ತು.