ಗಂಜಿ ಹಾಕಿದ ಅಂಗಿ

ನಮ್ಮವರದು ಲಾಂಡ್ರಿ. ಎದುರಾದವರ ಮುಖಕ್ಕಿಂತ ಮೊದಲು ಕಾಲರ್ ನೋಡುವ ಮನುಷ್ಯ. ನೆಂಟರು ಬಂದು ಹೋದ ಮೇಲೆ ಏನು ಮಾತಾಡಿದರು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ, ಯಾರ ತೋಳಿನ ಇಸ್ತ್ರಿ ಸೊಟ್ಟಗಿತ್ತು ಎಂದರೆ ಪಟಪಟ ಹೇಳುತ್ತಾರೆ. ಇಂಥವರ ಒಬ್ಬಳೇ ಮಗಳು ಹೋಗಿ ಸೇರಿದ್ದು ಕಾಡಿನ ಬೆಂಕಿ ಆರಿಸುವ ತಂಡಕ್ಕೆ. ಇಡೀ ದಿನ ಮಸಿಯಲ್ಲಿ ಹೊರಳುವ ಕೆಲಸ.

ಅವಳ ತರಬೇತಿ ಶುರುವಾದದ್ದೇ ಮನೆಯಲ್ಲಿ ನಮಗೂ ಶುರುವಾಯಿತು. ಊಟಕ್ಕೆ ಕೂತರೆ, ಒಲೆಯ ಮೇಲೆ ಕಣ್ಣಿಟ್ಟಿರುವವರು ಯಾರು, ಓಡಿಹೋಗಲು ದಾರಿ ಎರಡಿವೆಯೇ ಎಂದು ವಿಚಾರಣೆ. ಹಿತ್ತಿಲ ಬಾಗಿಲಿಗೆ ಅಡ್ಡವಾಗಿ ಬಟ್ಟೆಯ ಗಂಟು ಇಟ್ಟಿದ್ದಕ್ಕೆ ಅಪ್ಪನಿಗೆ ಛೀಮಾರಿ. ನೈಲಾನಿನ ಒಳಬಟ್ಟೆ ಬೆಂಕಿಯ ಕಾವಿಗೆ ಕರಗಿ ಮೈಗೆ ಅಂಟಿಕೊಳ್ಳುತ್ತದೆಂದು ಹೇಳಿ, ನನ್ನಿಂದ ಹತ್ತಿಯವನ್ನೇ ತರಿಸಿಕೊಂಡಳು. ಬೆಂಕಿ ಗುಡ್ಡ ಇಳಿಯುವಾಗ ನಡೆಯುತ್ತದೆ, ಹತ್ತುವಾಗ ಓಡುತ್ತದೆ ಎಂದಳು ಒಂದು ದಿನ. ಮಹಡಿಯಿಂದ ಬಟ್ಟೆ ತಾ ಎಂದರೆ ಕಾಲುನೋವು ಎನ್ನುವವಳು ಅದರಿಂದಲಾದರೂ ಕಲಿಯಬಹುದಿತ್ತು ಎಂದರು ಅವಳಪ್ಪ.

ಕೊನೆಯ ಅಭ್ಯಾಸದಲ್ಲಿ ನಿಜವಾಗಿಯೂ ಹುಲ್ಲಿಗೆ ಬೆಂಕಿ ಹಚ್ಚಿ ಆರಿಸಲು ಹೇಳಿದ್ದರಂತೆ. ಅಂದು ತಂಡದ ಹಳದಿ ಅಂಗಿ ಹಳದಿಯೋ ಕರಿಯೋ ಗೊತ್ತಾಗದ ಹಾಗೆ ಮನೆಗೆ ಬಂತು. ಸುಲಭಕ್ಕೆ ಬೆಂಕಿ ಹಿಡಿಯದ ನೂಲಿನಲ್ಲಿ ನೇಯ್ದ ಅಂಗಿ ಅದು. ತಂಡದ ಉಗ್ರಾಣದಲ್ಲಿ ಅವಳ ಅಳತೆಗೆ ಇದ್ದದ್ದು ಅದೊಂದೇ, ಉಳಿದವೆಲ್ಲ ಇಬ್ಬರು ಹಿಡಿಯುವಂಥವು. ಅವಳಪ್ಪ ಒಗೆಯಲು ಕೇಳಿದರೆ ಕೊಡಲಿಲ್ಲ. ಅಂಗಿ ಕೊಳೆಯಾದಷ್ಟೂ ಅನುಭವಸ್ಥರೆಂದು ಮರ್ಯಾದೆ, ಶುಭ್ರವಾಗಿದ್ದರೆ ಹೊಸಬಳೆಂದು ಎಲ್ಲರೂ ನಗುತ್ತಾರಂತೆ. ನಮ್ಮವರು ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇದ್ದಾಗ ನಾನು ಹುಷಾರಾಗಬೇಕಿತ್ತು.

ಮರುದಿನ ಕರೆ ಬಂತು. ಗುಡ್ಡದಾಚೆ ಬೆಂಕಿ ಎದ್ದಿದೆ, ಅದು ದಾಟದಂತೆ ಹುಲ್ಲು ಕೆರೆದು ಬರಿ ಮಣ್ಣಿನ ಪಟ್ಟಿ ಮಾಡಬೇಕು, ಮಧ್ಯಾಹ್ನದ ಗಾಡಿಗೆ ಹೊಸಬರೂ ಹೊರಡಬೇಕು ಎಂದು. ಅವಳು ಇದಕ್ಕಾಗಿಯೇ ಬೆನ್ನಿಗೆ ಭಾರ ಕಟ್ಟಿಕೊಂಡು ತಿಂಗಳುಗಟ್ಟಲೆ ಬೀದಿ ಸುತ್ತಿದ್ದಳು. ಬೆಳಗಿನ ಓಟ ಮುಗಿಸಿ ಬಂದು ನೋಡಿದರೆ, ಅಂಗಿ ಬಾಗಿಲಿಗೆ ನೇತಾಡುತ್ತಿದೆ. ಹೂವಿನ ಹಾಗೆ ಹಳದಿ, ಹಪ್ಪಳದ ಹಾಗೆ ಗರಿಗರಿ. ತೋಳಿನ ಇಸ್ತ್ರಿಯ ಗೀರು ಮುಟ್ಟಿದರೆ ಕೈ ಕೊಯ್ಯಬೇಕು. ಅವಳಪ್ಪ ರಾತ್ರಿಯೇ ಒಗೆದು, ತುಂಬ ವಿಶೇಷದ ಬಟ್ಟೆಗೆಂದು ಎತ್ತಿಟ್ಟಿದ್ದ ಗಂಜಿಯನ್ನು ಹಾಕಿದ್ದರು. ಮರ್ಯಾದೆ ಹೋಯಿತೆಂದು ಅವಳು ಗೊಣಗಿದಳು, ಆದರೂ ತೊಟ್ಟುಕೊಂಡಳು. ಅವಸರದಲ್ಲಿ ನೀರಿನ ಬಾಟಲಿ ಮರೆತು ಹೋದಳು. ಅದನ್ನು ಕೊಡುವ ನೆಪದಲ್ಲಿ ನಾವಿಬ್ಬರೂ ತಂಡದ ಅಂಗಳಕ್ಕೆ ಹೋದೆವು.

ಎಲ್ಲರೂ ಸಾಲಾಗಿ ನಿಂತಿದ್ದರು. ಮಸಿ ಬಳಿದ ಅಂಗಿಗಳ ನಡುವೆ ನಮ್ಮವಳು ಅಂಗಡಿಯ ಗಾಜಿನ ಪೆಟ್ಟಿಗೆಯಿಂದ ಇಳಿದು ಬಂದ ಬೊಂಬೆ. ಬೇಲಿಯ ಹೊರಗೆ ನಮ್ಮವರು ಎದೆ ಉಬ್ಬಿಸಿಕೊಂಡಿದ್ದರು. ತಂಡದ ಮುಖ್ಯಸ್ಥೆ, ಹುಡುಗರು ಬೆನ್ನ ಹಿಂದೆ ಹದ್ದು ಎಂದು ಕರೆಯುವ ಹೆಂಗಸು, ಒಬ್ಬೊಬ್ಬರ ಸಾಮಾನು ತಪಾಸಣೆ ಮಾಡುತ್ತ ಬಂದು ಇವಳ ಕಾಲರ್ ಬೆರಳಲ್ಲಿ ಹಿಡಿದು ತಿಕ್ಕಿದಳು.

"ಇದನ್ನ ಯಾರು ಒಗೆದಿದ್ದು?"

"ನಮ್ಮಪ್ಪ."

"ಗಂಜಿ ಹಾಕಿದಾರಾ?"

ಬೇಲಿಯ ಆಚೆಯಿಂದ ನಮ್ಮವರೇ ಉತ್ತರ ಕೊಟ್ಟರು. "ಹೂಂ, ಒಳ್ಳೇ ಗಂಜೀನೇ ಮೇಡಂ."

ಆಕೆ ನಗಲಿಲ್ಲ. ಒಗೆದದ್ದು ಸರಿ ಎಂದಳು. ಮಸಿ, ಎಣ್ಣೆಯ ಜಿಡ್ಡು ಹಿಡಿದ ಅಂಗಿ ಬೆಂಕಿಗೆ ಸೌದೆ ಇದ್ದಂತೆ, ಕೊಳೆಯನ್ನು ಪದಕದ ಹಾಗೆ ಮೆರೆಸುವ ಮಹಾಶಯರು ಕೇಳಿಸಿಕೊಳ್ಳಲಿ ಎಂದು ಸಾಲಿನ ಕಡೆ ಒಮ್ಮೆ ನೋಡಿದಳು. ಆದರೆ ಒಣಗಿದ ಗಂಜಿಯೂ ಉರಿಯುವುದೇ. ಆಮೇಲೆ ಮಗಳಿಗೆ ಮೆಲ್ಲಗೆ ಹೇಳಿದಳು, "ಇದರಲ್ಲಿ ನಿನ್ನ ಬೆಂಕಿ ಹತ್ರ ಬಿಡಕ್ಕಾಗಲ್ಲಮ್ಮ. ಈ ಸಲ ಉಗ್ರಾಣ ನೋಡ್ಕೊ."

ಮಗಳು ತಲೆ ತಗ್ಗಿಸಿದಳು. ನಮ್ಮವರ ಉಬ್ಬಿದ ಎದೆ ಇಳಿಯಿತು. ಅವರು ಬೇಲಿ ಬಿಟ್ಟು ಗೇಟಿನಿಂದ ಒಳಗೆ ನಡೆದರು.

"ಗಾಡಿ ಹೊರಡೋದು ಮಧ್ಯಾಹ್ನ ಅಲ್ವಾ? ನಾನು ಹಾಕಿದ್ದನ್ನ ನಾನೇ ತೆಗೀತೀನಿ. ಬಿಸಿನೀರು ಎಲ್ಲಿದೆ ಹೇಳಿ."

ಅವಳ ಅಂಗಿ ಇಸಿದುಕೊಂಡು, ಅಂಗಳದ ತೊಟ್ಟಿಯ ಮುಂದೆ ತೋಳೇರಿಸಿ ಕೂತರು. ಬಿಸಿನೀರಲ್ಲಿ ನೆನೆಸಿ ಹಿಂಡಿದರು, ಮತ್ತೆ ನೀರು ಬದಲಿಸಿದರು. ಗಂಜಿ ಹೋಗಿದೆಯೆಂದು ಹೇಗೆ ನಂಬುವುದು ಎಂದು ಹದ್ದು ಕೇಳಿದಾಗ, ಮಗಳಿಗೆ ಶಾಲೆಯ ಪಾಠ ನೆನಪಾಗಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಅಯೋಡಿನ್ ತಂದಳು. ಹಿಂಡಿದ ನೀರನ್ನು ಲೋಟದಲ್ಲಿ ಆರಿಸಿ ಒಂದು ತೊಟ್ಟು ಬಿಟ್ಟಳು. ಕಡುನೀಲಿಯಾಯಿತು. ಗಂಜಿ ಇನ್ನೂ ಇದೆ.

"ಅಪ್ಪಾ, ಎಷ್ಟು ಹಾಕಿದೀಯಾ?"

"ನಿನ್ನ ಮೇಲಿನ ಪ್ರೀತಿಗೆ ಅಳತೆ ಇಟ್ಕೋಬೇಕಾಗಿತ್ತಾ?" ಎಂದರು ಅವರು, ತಲೆ ಎತ್ತದೆ.

ಮುಂದಿನ ಲೋಟವೂ ನೀಲಿ, ಅದರ ಮುಂದಿನದು ತಿಳಿನೀಲಿ. ಡ್ರೈವರ್ ಗಾಡಿ ಚಾಲೂ ಮಾಡಿ ನೋಡಿ ನಿಲ್ಲಿಸಿದ. ಕೊನೆಗೊಂದು ಲೋಟದಲ್ಲಿ ತೊಟ್ಟು ಬಿದ್ದು ನೀರು ಅಯೋಡಿನ್ನಿನ ಕಂದು ಬಣ್ಣದಲ್ಲೇ ಉಳಿಯಿತು. ಹದ್ದು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ತಾನೇ ಇನ್ನೊಂದು ಬಾರಿ ಹಿಂಡಿಸಿ ಪರೀಕ್ಷಿಸಿ, ಅಂಗಿಯನ್ನು ಬಿಸಿಲಿಗೆ ಹಾಕಲು ಹೇಳಿದಳು.

ಒಣಗಿದ ಅಂಗಿ ಕರು ಜಗಿದು ಉಗಿದ ಹಾಗಿತ್ತು. ಅಂಗಳದ ಕೊಠಡಿಯಲ್ಲೇ ಒಂದು ಇಸ್ತ್ರಿಪೆಟ್ಟಿಗೆ ಇತ್ತು, ನಮ್ಮವರು ಅದರ ಕಡೆಗೆ ಒಂದು ಸಲ ನೋಡಿದ್ದನ್ನು ನಾನು ಕಂಡೆ. ಮಗಳೂ ಕಂಡಳು.

"ಅಪ್ಪಾ, ಹೊತ್ತಿಲ್ಲ."

"ನಾನೇನಂದೆ?"

ಗಾಡಿ ಹತ್ತುವಾಗ ಅವರ ಕೈ ತಾನಾಗಿಯೇ ಅವಳ ಕಾಲರ್ ಸರಿಮಾಡಲು ಹೋಯಿತು. ಅವಳು ತಡೆಯಲಿಲ್ಲ. ಓಡಿಹೋಗಲು ದಾರಿ ಎರಡು ನೋಡಿಕೋ ಎಂದರು.

ಬೆಂಕಿ ಆರಿಸಿ ಅವಳು ಮರಳಿದಾಗ ಅಂಗಿ ಮತ್ತೆ ಕರಿ. ಈ ಸಲ ತಾನೇ ಬಿಚ್ಚಿ ಅಪ್ಪನ ಕೈಗೆ ಕೊಟ್ಟಳು. ಅವರು ಒಗೆದು ಅಂಗಡಿಯ ಮುಂದೆಯೇ ಒಣಹಾಕಿದರು, ಕತ್ತಿಯಂಥ ಗೀರಿನ ಅಂಗಿಗಳ ಸಾಲಿನಲ್ಲಿ ಅದೊಂದು ಮುದ್ದೆ. ಇದಕ್ಕೆ ಇಸ್ತ್ರಿ ಮರೆತಿರಾ ಎಂದು ಯಾರೋ ಗಿರಾಕಿ ಕೇಳಿದ್ದಕ್ಕೆ, ಅದು ನನ್ನ ಮಗಳದು, ಅದಿರಬೇಕಾದದ್ದೇ ಹಾಗೆ ಎಂದು ಶುರುಮಾಡಿ, ಬೆಂಕಿ ಗುಡ್ಡ ಹತ್ತುವುದರಿಂದ ಹಿಡಿದು ಪಾಠ ಹೇಳಿದರು. ಪಾಪ, ಆ ಮನುಷ್ಯನಿಗೆ ಅಂಗಡಿಯಿಂದ ಓಡಿಹೋಗಲು ಒಂದೇ ದಾರಿಯಿತ್ತು. ಅದಕ್ಕೂ ನಮ್ಮವರೇ ಅಡ್ಡ ನಿಂತಿದ್ದರು.