ಕೊರಳಿನ ಮೈಕು

ಬಿಬವೇವಾಡಿಯ ಆ ಮರಾಠಿ ಶಾಲೆಯ ಸಿಬ್ಬಂದಿಯಲ್ಲಿ ಕನ್ನಡ ಬಲ್ಲವರು ಇಬ್ಬರೇ: ನಾಲ್ಕನೇ ತರಗತಿಯ ಶಿಕ್ಷಕಿ ಮಾಧುರಿ ಮತ್ತು ಗುಮಾಸ್ತ ಹರಿಶ್ಚಂದ್ರ. ಯಾರ ಮೇಲಾದರೂ ದೂರು ಹೇಳಿಕೊಳ್ಳಬೇಕಾದಾಗ ಅವರು ಮರಾಠಿ ಬಿಟ್ಟು ಕನ್ನಡಕ್ಕೆ ಹೊರಳುತ್ತಿದ್ದರು. ಮಾತಿಗೆ ಬಾಗಿಲು ಹಾಕಿಕೊಂಡರು ಎಂದು ಉಳಿದ ಶಿಕ್ಷಕರು ನಗುತ್ತಿದ್ದರು.

ಮಾಧುರಿಯ ತರಗತಿಯ ಚಿನ್ನುವಿಗೆ ಕಿವಿ ಮಂದ. ಶ್ರವಣಯಂತ್ರ ಮೊದಲೇ ಇತ್ತು. ಆದರೆ ತುಂಬಿದ ತರಗತಿಯಲ್ಲಿ ಅದು ಪಾಠವನ್ನೂ ಬೆಂಚು ಎಳೆಯುವ ಸದ್ದನ್ನೂ ಒಂದೇ ಸಮ ದೊಡ್ಡದು ಮಾಡುತ್ತಿತ್ತು. ಜೂನ್‌ನಲ್ಲಿ ಸೇವಾಸಂಸ್ಥೆಯೊಂದು ಹೊಸ ಉಪಕರಣ ಕೊಟ್ಟಿತು. ಶಿಕ್ಷಕಿಯ ಕೊರಳಿಗೆ ಬೆರಳುದ್ದದ ಮೈಕು, ಹುಡುಗಿಯ ಯಂತ್ರಕ್ಕೆ ಪುಟ್ಟ ರಿಸೀವರ್. ಅದನ್ನು ತಂದವರು ಅಂಗಳದ ಆಚೆ ತುದಿಗೆ ಹೋಗಿ ಮಾತಾಡಿ ತೋರಿಸಿದ್ದರು. ಒಳಗೆ ಕೂತಿದ್ದ ಚಿನ್ನು ಪ್ರತಿ ಮಾತನ್ನೂ ತಿರುಗಿ ಹೇಳಿದ್ದಳು. ದೀಪಾವಳಿಯ ಹೊತ್ತಿಗೆ ಅವಳು ತಾನಾಗಿ ಕೈ ಎತ್ತಿ ಉತ್ತರ ಕೊಡತೊಡಗಿದಳು.

ಬೇರೆ ಮಕ್ಕಳು ಉತ್ತರಿಸುವಾಗ ಮೈಕನ್ನು ಅವರ ಬಾಯಿಯ ಬಳಿ ಹಿಡಿಯಬೇಕಿತ್ತು. ತರಗತಿಯಿಂದ ಹೊರಟಾಗ ಬಂದ್ ಮಾಡಬೇಕಿತ್ತು. ದೀಪಾವಳಿ ರಜೆಯ ನಂತರದ ಒಂದು ಸೋಮವಾರ ಮಾಧುರಿ ಬಂದ್ ಮಾಡಲು ಮರೆತಳು. ಪಕ್ಕದ ಸ್ಟಾಫ್ ರೂಮಿನಲ್ಲಿ ಚಹಾ ಹಿಡಿದು ಕೂತವಳು ಹರಿಶ್ಚಂದ್ರನಿಗೆ ಕನ್ನಡದಲ್ಲಿ ಹೇಳಿದಳು:

“ಆ ಹುಡುಗಿ ಸಲುವಾಗಿ ಕೊರಳಾಗ ಗಂಟಿ ಕಟ್ಟಿದ ಎಮ್ಮಿ ಆಗೇನ್ರಿ ನಾ. ಕಿವುಡ್ರ ಸಾಲಿ ಅಂತ ಇರೂದು ಯಾಕ? ಅಲ್ಲಿಗೆ ಕಳಸಿದ್ರ ಅಕಿಗೂ ಛಲೋ, ನನಗೂ ಛಲೋ.”

“ಎಮ್ಮಿಗೆ ಹಿಂಡಿ ಆದ್ರೂ ಹಾಕ್ತಾರ್ರಿ, ಬಾಯಾರ,” ಎಂದ ಹರಿಶ್ಚಂದ್ರ.

ಇಬ್ಬರೂ ನಕ್ಕರು. ಕಪ್ಪು ಕೆಳಗಿಡುವಾಗ ಮೈಕಿನ ಹಸಿರು ದೀಪ ಕಣ್ಣಿಗೆ ಬಿತ್ತು.

ತರಗತಿಗೆ ಮರಳಿದಾಗ ಚಿನ್ನು ಕಿವಿಯ ಯಂತ್ರಗಳನ್ನು ತೆಗೆದು ಬೆಂಚಿನ ಮೇಲಿಟ್ಟಿದ್ದಳು. ಇಡೀ ಶಾಲೆಯ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಆಡುವವಳು ಅವಳೊಬ್ಬಳೇ. ಅದು ಮಾಧುರಿಗೆ ಗೊತ್ತಿತ್ತು. ಕನ್ನಡದವಳೆಂದೇ ಆ ಮಗುವನ್ನು ತನ್ನ ತರಗತಿಗೆ ಕೇಳಿ ಪಡೆದಿದ್ದಳು. ಯಾಕೆ ತೆಗೆದೆ ಎಂದು ಅವಳು ಕೇಳಲಿಲ್ಲ. ಪಾಠ ಮುಂದುವರಿಸಿದಳು.

ಮರುದಿನ ತಾಯಿ ಪಾರವ್ವ ಮಗಳನ್ನು ಕರೆದುಕೊಂಡು ಹೆಡ್‌ಮಾಸ್ತರರ ಕೋಣೆಗೆ ಬಂದಳು. ಪಕ್ಕದ ಕೊಂಢವಾದಲ್ಲಿ ರೊಟ್ಟಿ ಮಾಡಿ ಮಾರುವ ಪಾರವ್ವನಿಗೆ ವ್ಯಾಪಾರಕ್ಕೆ ಬೇಕಾದಷ್ಟೇ ಮರಾಠಿ ಬರುತ್ತಿತ್ತು. ಹೆಡ್‌ಮಾಸ್ತರರಿಗೆ ಕನ್ನಡ ಬಾರದು. ಮಾತು ದಾಟಿಸಲು ಮಾಧುರಿಯನ್ನೇ ಕರೆಸಿದರು.

ಮಗಳಿಗೆ ಕಿವಿ ನೋಯುತ್ತದಂತೆ, ಮೈಕು ಬೇಡವಂತೆ, ಕಿವುಡರ ಶಾಲೆ ಎಲ್ಲಿದೆ ಹೇಳಿದರೆ ಅಲ್ಲಿಗೇ ಸೇರಿಸುತ್ತೇನೆ ಎಂದಳು ಪಾರವ್ವ. ಮಾಧುರಿ ಒಂದಕ್ಷರವೂ ತಪ್ಪದಂತೆ ಮರಾಠಿಗೆ ದಾಟಿಸಿದಳು. ತಾಯಿಯೇ ಬೇಡವೆಂದ ಮೇಲೆ ನಾವೇನು ಮಾಡುವುದು, ಶಾಲೆ ಬಿಟ್ಟ ದಾಖಲೆ ಕೊಟ್ಟು ಕಳಿಸೋಣ ಎಂದರು ಹೆಡ್‌ಮಾಸ್ತರರು. ಅದನ್ನು ಕನ್ನಡಕ್ಕೆ ತಂದರೆ ಕೆಲಸ ಮುಗಿಯುತ್ತಿತ್ತು.

ತಾಯಿಯ ಪಕ್ಕದಲ್ಲಿ ನಿಂತಿದ್ದ ಚಿನ್ನು ಮಾಧುರಿಯ ತುಟಿಗಳನ್ನೇ ನೋಡುತ್ತಿದ್ದಳು.

“ಕಿವಿ ನೋಯ್ತಿಲ್ರಿ ಅಕಿಗೆ,” ಎಂದಳು ಮಾಧುರಿ. “ನಿನ್ನೆ ನಾ ಅಂದದ್ದು ಕೇಳ್ಯಾಳ.”

ಎಮ್ಮೆಯ ಮಾತು, ಗಂಟೆಯ ಮಾತು, ಕಿವುಡರ ಶಾಲೆಯ ಮಾತು, ಎಲ್ಲವನ್ನೂ ಹೇಳಿದಳು. ಏನು ಹೇಳಿದಿರಿ ಎಂದು ಹೆಡ್‌ಮಾಸ್ತರರು ಕೇಳಿದಾಗ ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. ಹೆಡ್‌ಮಾಸ್ತರರು ಕಿಟಕಿಯ ಕಡೆ ಮುಖ ಮಾಡಿದರು.

ಪಾರವ್ವ ಮಗಳ ಕಿವಿಯನ್ನೊಮ್ಮೆ ಮುಟ್ಟಿ ನೋಡಿದಳು. “ಗ್ವಾಡಿ ಆಚೆ ಕುಂತು ಅಂದದ್ದೂ ಕೇಳಸ್ತದ ಅಂದ್ರ, ಮಷೀನ್ ಭಾಳ ಛಲೋ ಅದ ಬಿಡ್ರಿ, ಬಾಯಾರ.” ಮಗಳ ಕೈ ಹಿಡಿದು ಎದ್ದಳು. “ಇಲ್ಲೇ ಇರ್ತಾಳಕಿ. ಹಾಕ್ಕೊಳ್ಳೂದು, ಬಿಡೂದು ಅಕಿ ಮನಸು.”

ಎರಡು ದಿನ ಚಿನ್ನು ರಿಸೀವರ್ ಹಾಕಲಿಲ್ಲ. ಮಾಧುರಿ ಮೈಕು ಹಾಕಿಕೊಂಡೇ ಪಾಠ ಮಾಡಿದಳು. ಶುಕ್ರವಾರ ಚಿನ್ನು ರಿಸೀವರ್ ಹಾಕಿಕೊಂಡು ಬಂದಳು. ಬಿಡುವಿನ ಗಂಟೆ ಹೊಡೆದಾಗ ಎದ್ದು ಬಂದು, ಬಾಗಿಲಿಗೆ ಅಡ್ಡ ನಿಂತು, ಅಂಗೈ ಚಾಚಿದಳು. ಏನು ಬೇಕೆಂದು ಕೇಳುವ ಅಗತ್ಯವಿರಲಿಲ್ಲ. ಇಡೀ ತರಗತಿ ನೋಡುತ್ತಿದ್ದಂತೆ ಮಾಧುರಿ ಕೊರಳಿನ ಮೈಕು ತೆಗೆದು ಆ ಅಂಗೈಯಲ್ಲಿಟ್ಟಳು. ಚಿನ್ನು ಅದನ್ನು ತಾನೇ ಬಂದ್ ಮಾಡಿ, ಜೇಬಿನಲ್ಲಿಟ್ಟುಕೊಂಡು, ದಾರಿ ಬಿಟ್ಟಳು.